ಕ್ರೀಡಾಪಟುವಿನ ಮೊಣಕಾಲು: ವಿಶ್ರಾಂತಿಯೋ, ವಿವೇಕದ ಅಭ್ಯಾಸವೋ?

ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳು ಅನ್ನ, ಅಕ್ಷರ, ಆಶ್ರಯಗಳೆಂಬ ಮೂರು ಬಗೆಯ ದಾಸೋಹವನ್ನು ನಡೆಸಿಕೊಂಡು ಬಂದಿರುವುದು ಕನ್ನಡ ನಾಡಿಗೆ ತಿಳಿದ ಸಂಗತಿ. ಈ ಮೂರರ ಜೊತೆಗೆ ನಾಲ್ಕನೆಯದೊಂದನ್ನೂ ಅವು ಸದ್ದಿಲ್ಲದೆ ನೀಡಿವೆ; ಅದೇ ಆಟದ ಬಯಲು. ಸಂಜೆಯ ಪ್ರಾರ್ಥನೆಗೆ ಮುನ್ನ ಒಂದು ಗಂಟೆಯ ಕಾಲ ಆ ಬಯಲಿನಲ್ಲಿ ಧೂಳೆಬ್ಬಿಸುವ ವಿದ್ಯಾರ್ಥಿ, ತರಗತಿಯ ಯಾವ ಪಾಠದಲ್ಲಿಯೂ ದೊರೆಯದ ಧೈರ್ಯವನ್ನೂ ಸಹಬಾಳ್ವೆಯನ್ನೂ ಅಲ್ಲಿ ಕಲಿಯುತ್ತಾನೆ. ಶರಣ ಪರಂಪರೆ ದೇಹವನ್ನು ತುಚ್ಛವೆಂದು ತಳ್ಳಲಿಲ್ಲ. ಕಾಯವಿಲ್ಲದೆ ಕಾಯಕವಿಲ್ಲವೆಂಬುದು ಅದರ ಸರಳ ನಿಲುವು. ಹೀಗಿರುವಲ್ಲಿ, ಆಟದ ಬಯಲಿನಲ್ಲಿ ಕಾಯಕ್ಕೆ ಒದಗುವ ನೋವನ್ನು ಕುರಿತು ಶಾಲೆಯೊಂದು ಯಾವ ಧೋರಣೆ ತಳೆಯಬೇಕೆಂಬ ಪ್ರಶ್ನೆ ಕೇವಲ ವೈದ್ಯಕೀಯ ಪ್ರಶ್ನೆಯಲ್ಲ. ಅದು ಶಿಕ್ಷಣದ ಪ್ರಶ್ನೆಯೂ ಹೌದು.

ವಾಲಿಬಾಲ್ ಆಡುವ ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ತಂಡದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಜಿಗಿಯುವವನು ಅವನೇ. ಜುಲೈ ತಿಂಗಳಲ್ಲಿ ಅವನ ಮೊಣಕಾಲ ಚಿಪ್ಪಿನ ಕೆಳತುದಿಯಲ್ಲಿ, ಒಂದು ಬೆರಳಿನಿಂದ ತೋರಿಸಬಹುದಾದಷ್ಟು ಜಾಗದಲ್ಲಿ, ನೋವು ಹುಟ್ಟಿಕೊಳ್ಳುತ್ತದೆ. ಮೊದಮೊದಲು ಆಟದ ಆರಂಭದಲ್ಲಿ ಕಾಣಿಸಿಕೊಂಡು, ಮೈ ಬಿಸಿಯಾದಂತೆ ಮಾಯವಾಗಿ, ಮರುದಿನ ಮುಂಜಾನೆ ಮೆಟ್ಟಿಲಿಳಿಯುವಾಗ ಅದು ಮತ್ತೆ ಚುಚ್ಚುತ್ತದೆ. ಹುಡುಗನಿಗೆ ಎರಡು ಬಗೆಯ ಸಲಹೆಗಳು ಬರುತ್ತವೆ. ‘ಆಟ ಬಿಟ್ಟು ಓದಿಕೋ’ ಎನ್ನುವುದು ಒಂದು. ‘ಗಂಡಸಾಗಿ ಇಷ್ಟೂ ತಡೆಯಲಾರೆಯಾ?’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಪಾಲಿಸಿದರೆ ತಂಡದಲ್ಲಿನ ಸ್ಥಾನ ಹೋಗುತ್ತದೆ. ಆದುದರಿಂದ ಅವನು ನೋವನ್ನೇ ಮರೆಮಾಡುತ್ತಾನೆ. ಈ ಮರೆಮಾಚುವಿಕೆಯೇ ಇಲ್ಲಿನ ನಿಜವಾದ ಕೇಡು. ಎರಡು ಸಲಹೆಗಳೂ ತಪ್ಪೆಂಬುದನ್ನೂ, ಮೂರನೆಯ ದಾರಿಯೊಂದು ಇದೆಯೆಂಬುದನ್ನೂ, ಆ ದಾರಿಯನ್ನು ತೆರೆಯುವ ಹೊಣೆ ಹುಡುಗನಿಗಿಂತ ಹೆಚ್ಚಾಗಿ ಶಾಲೆಯದೆಂಬುದನ್ನೂ ಇಲ್ಲಿ ವಿವೇಚಿಸಬೇಕಾಗಿದೆ.

ಮೊದಲಿಗೆ ನೋವಿನ ಸ್ವರೂಪವನ್ನು ಅರಿಯಬೇಕು. ತೊಡೆಯ ಮುಂಭಾಗದ ಬಲಿಷ್ಠ ಮಾಂಸಖಂಡಗಳು ಮೊಣಕಾಲ ಚಿಪ್ಪಿಗೆ ಬಂದು ಸೇರುತ್ತವೆ. ಚಿಪ್ಪಿನ ಕೆಳತುದಿಯಿಂದ ಹೊರಟ ಹುರಿಯಂತಹ ಪಟ್ಟಿಯೊಂದು ಮುಂಗಾಲ ಮೂಳೆಯ ಮೇಲ್ಭಾಗದ ಉಬ್ಬಿಗೆ ಅಂಟಿಕೊಂಡಿದೆ. ಇದೇ ಮೊಣಕಾಲಿನ ಸ್ನಾಯುರಜ್ಜು. ಜಿಗಿಯುವಾಗಲೂ ನೆಲಕ್ಕಿಳಿಯುವಾಗಲೂ ದೇಹದ ಭಾರದ ಹಲವು ಪಟ್ಟು ಸೆಳೆತ ಈ ಹುರಿಯ ಮೇಲೆ ಬೀಳುತ್ತದೆ. ಹುರಿಗೆ ಸಹಿಸಲು ಅಭ್ಯಾಸವಾದುದಕ್ಕಿಂತ ಹೆಚ್ಚಿನ ಸೆಳೆತ, ಚೇತರಿಸಿಕೊಳ್ಳಲು ಬಿಡುವಿಲ್ಲದಂತೆ, ಮೇಲಿಂದ ಮೇಲೆ ಬಿದ್ದಾಗ ಅದರ ನಾರುಗಳ ಜೋಡಣೆ ಕೆಡುತ್ತದೆ. 1973ರಲ್ಲಿ ಅಮೆರಿಕದ ವೈದ್ಯ ಬ್ಲಾಜಿನಾ ಮತ್ತು ಅವರ ಸಂಗಡಿಗರು ಈ ಬೇನೆಯನ್ನು ‘ಜಿಗಿಯುವವರ ಮೊಣಕಾಲು’ ಎಂದು ಕರೆದರು. ಬಹುಕಾಲ ಇದನ್ನು ಉರಿಯೂತವೆಂದೇ ಭಾವಿಸಿ ಊತವಿಳಿಸುವ ಔಷಧಗಳನ್ನು ಕೊಡಲಾಗುತ್ತಿತ್ತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಖಾನ್, ಕುಕ್ ಮೊದಲಾದ ತಜ್ಞರು ಆ ಕಲ್ಪನೆಯನ್ನು ಕೈಬಿಡಬೇಕೆಂದು ವಾದಿಸಿದರು. ಇದು ಮುಖ್ಯವಾಗಿ ಉರಿಯೂತವಲ್ಲ, ಭಾರಕ್ಕೂ ಶಕ್ತಿಗೂ ತಾಳೆ ತಪ್ಪಿದುದರ ಫಲ ಎಂಬ ತಿಳಿವಳಿಕೆ ಅಲ್ಲಿಂದೀಚೆಗೆ ಬಲಗೊಂಡಿದೆ.

ಈ ಬೇನೆ ಯಾರನ್ನು ಹಿಡಿಯುತ್ತದೆಂಬುದನ್ನು ನೋಡಿದರೆ ‘ದುರ್ಬಲರಿಗೆ ಬರುವ ನೋವು’ ಎಂಬ ಮಾತು ನಿಲ್ಲುವುದಿಲ್ಲ. ನಾರ್ವೆಯಲ್ಲಿ ಒಂಬತ್ತು ಕ್ರೀಡೆಗಳ ಉನ್ನತ ದರ್ಜೆಯ ಆಟಗಾರರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆ ಶೇಕಡಾ 14 ಮಂದಿಗೆ ಈ ನೋವಿತ್ತು. ವಾಲಿಬಾಲ್ ಆಟಗಾರರಲ್ಲಿ ಆ ಪ್ರಮಾಣ ಸುಮಾರು ಶೇಕಡಾ 45, ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಸುಮಾರು ಶೇಕಡಾ 32. ಅದೇ ದೇಶದ ವಾಲಿಬಾಲ್ ಶಾಲೆಯೊಂದರ ತರುಣ ತರುಣಿಯರನ್ನು ಹಲವು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇನ್ನೂ ಎರಡು ಸಂಗತಿಗಳನ್ನು ತಿಳಿಸಿದವು. ಮೊದಲನೆಯದಾಗಿ, ಮುಂದೆ ನೋವಿಗೆ ಗುರಿಯಾದ ಹುಡುಗರು ಆರಂಭದಲ್ಲಿ ಉಳಿದವರಿಗಿಂತ ಚೆನ್ನಾಗಿ ಜಿಗಿಯುತ್ತಿದ್ದವರೇ ಆಗಿದ್ದರು. ಎರಡನೆಯದಾಗಿ, ವಾರಕ್ಕೆ ಆಡುವ ಪಂದ್ಯದ ಸೆಟ್ಟುಗಳು ಒಂದೊಂದು ಹೆಚ್ಚಾದಂತೆ ನೋವು ಬರುವ ಸಂಭವದ ಅನುಪಾತ ಸುಮಾರು ನಾಲ್ಕು ಪಟ್ಟು ಏರಿತ್ತು. ಚೆನ್ನಾಗಿ ಜಿಗಿಯುವವನಿಗೇ ಎಲ್ಲ ಚೆಂಡುಗಳೂ ಬರುತ್ತವೆ, ಎಲ್ಲ ಪಂದ್ಯಗಳಲ್ಲೂ ಅವನೇ ನಿಲ್ಲುತ್ತಾನೆ. ಹಣ್ಣಿರುವ ಮರಕ್ಕೇ ಕಲ್ಲೇಟು ಬೀಳುವುದೆಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಈ ದೃಷ್ಟಿಯಿಂದ ಕರ್ನಾಟಕದ ಶಾಲಾ ಕ್ರೀಡಾಪಂಚಾಂಗವನ್ನು ಪರಿಶೀಲಿಸಬೇಕು. ಏಪ್ರಿಲ್, ಮೇ ತಿಂಗಳುಗಳ ಬೇಸಿಗೆ ರಜೆಯಲ್ಲಿ ಬಹುಪಾಲು ವಿದ್ಯಾರ್ಥಿಗಳಿಗೆ ನಿಯಮಿತ ಅಭ್ಯಾಸವಿರುವುದಿಲ್ಲ. ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ತಂಡದ ಆಯ್ಕೆ ನಡೆಯುತ್ತದೆ. ಅದರ ಬೆನ್ನಿಗೇ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮಟ್ಟ ಮಟ್ಟದ ಕ್ರೀಡಾಕೂಟಗಳು ಬಂದುಬಿಡುತ್ತವೆ. ಒಂದೇ ದಿನದಲ್ಲಿ ಮೂರು ನಾಲ್ಕು ಪಂದ್ಯಗಳನ್ನು ಆಡಿ ಮುಗಿಸಬೇಕಾದ ಸಂದರ್ಭಗಳೂ ಉಂಟು. ಎರಡು ತಿಂಗಳು ಸುಮ್ಮನಿದ್ದ ಹುರಿಯ ಮೇಲೆ ಎರಡು ವಾರಗಳಲ್ಲಿ ಇಡೀ ವರ್ಷದ ಭಾರವನ್ನು ಹೇರುವ ಕ್ರಮವಿದು. ಅದರಲ್ಲಿಯೂ ಒಬ್ಬನೇ ಹುಡುಗ ಕಬಡ್ಡಿ, ವಾಲಿಬಾಲ್, ಉದ್ದಜಿಗಿತ ಮೂರರಲ್ಲಿಯೂ ಶಾಲೆಯ ಕೀರ್ತಿಯನ್ನು ಹೊರಬೇಕಾಗಿ ಬಂದಾಗ, ಒಂದೊಂದು ಆಟದ ಅಭ್ಯಾಸವೂ ತನಗೆ ತಾನೇ ಮಿತವಾಗಿ ಕಂಡರೂ ಮೊಣಕಾಲಿಗೆ ಬೀಳುವುದು ಮೂರರ ಮೊತ್ತ.

ಹಾಗಾದರೆ ಪೂರ್ಣ ವಿಶ್ರಾಂತಿಯೇ ಮದ್ದಲ್ಲವೇ ಎಂದು ಪೋಷಕರು ಕೇಳುವುದು ಸಹಜ. ವಿಶ್ರಾಂತಿಯಿಂದ ನೋವು ಇಳಿಯುವುದು ನಿಜ. ಆದರೆ ಹುರಿಯ ಶಕ್ತಿಯೂ ಜೊತೆಗೇ ಇಳಿಯುತ್ತದೆ. ತೊಡೆಯ ಮಾಂಸಖಂಡ ಸೊರಗುತ್ತದೆ. ತಿಂಗಳ ನಂತರ ಹುಡುಗ ಹಿಂದಿನಂತೆಯೇ ಜಿಗಿದರೆ, ಹಿಂದಿಗಿಂತ ದುರ್ಬಲವಾದ ಹುರಿಯ ಮೇಲೆ ಹಿಂದಿನಷ್ಟೇ ಭಾರ ಬಿದ್ದು ನೋವು ಮರಳುತ್ತದೆ. ‘ವಿಶ್ರಾಂತಿ ಪಡೆದರೂ ಹೋಗಲಿಲ್ಲ’ ಎಂಬ ನಿರಾಶೆಯಲ್ಲಿ ಎಷ್ಟೋ ಮಂದಿ ಆಟವನ್ನೇ ತೊರೆದಿರುವುದಕ್ಕೆ ಈ ಸುಳಿಯೇ ಕಾರಣ. ಸ್ವೀಡನ್ನಿನ ಸಂಶೋಧಕರು ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನ ಬೇನೆಯುಳ್ಳವರ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬೆಳಕು ನೀಡುತ್ತದೆ. ಎರಡು ಗುಂಪಿನವರಿಗೂ ಒಂದೇ ವ್ಯಾಯಾಮವನ್ನು ಕೊಟ್ಟು, ಒಂದು ಗುಂಪಿಗೆ ಮೊದಲ ಆರು ವಾರ ಓಟ, ಜಿಗಿತಗಳನ್ನು ನಿಷೇಧಿಸಲಾಯಿತು. ಇನ್ನೊಂದು ಗುಂಪಿಗೆ ನೋವಿನ ಅಳತೆಯೊಳಗೆ ಅವುಗಳನ್ನು ಮುಂದುವರಿಸಲು ಅವಕಾಶವಿತ್ತು. ಮುಂದುವರಿಸಿದವರಿಗೆ ಅದರಿಂದ ಹಾನಿಯೇನೂ ಕಾಣಲಿಲ್ಲ. ಎರಡು ಗುಂಪುಗಳೂ ಒಂದೇ ಬಗೆಯಲ್ಲಿ ಸುಧಾರಿಸಿದವು. ಅದು ಹಿಮ್ಮಡಿಗೆ ಸಂಬಂಧಿಸಿದ ಪ್ರಯೋಗವಾದರೂ, ನೋವನ್ನು ಅಳೆಯುತ್ತ ಅಭ್ಯಾಸವನ್ನು ಮುಂದುವರಿಸುವ ಕ್ರಮ ಈಗ ಮೊಣಕಾಲಿನ ಚಿಕಿತ್ಸೆಯಲ್ಲಿಯೂ ಬಳಕೆಯಲ್ಲಿದೆ.

ಆ ಅಳತೆ ಬಹು ಸರಳವಾದುದು. ನೋವೇ ಇಲ್ಲದಿದ್ದರೆ ಸೊನ್ನೆ, ಊಹಿಸಬಹುದಾದ ಅತಿ ಕಠಿಣ ನೋವಿಗೆ ಹತ್ತು. ಅಭ್ಯಾಸದ ಹೊತ್ತಿನಲ್ಲಿ ಮೂರನ್ನು ಮೀರದ ನೋವನ್ನು ಸಹಿಸಬಹುದು. ಆದರೆ ನಿಜವಾದ ಪರೀಕ್ಷೆ ನಡೆಯುವುದು ಮರುದಿನ ಮುಂಜಾನೆ. ಒಂದೇ ಕಾಲಿನ ಮೇಲೆ ನಿಂತು ಮೆಲ್ಲಗೆ ಅರ್ಧ ಬಗ್ಗಿದಾಗ, ನೋವು ನಿನ್ನೆಯ ಮುಂಜಾನೆಯಷ್ಟೇ ಇದ್ದರೆ ನಿನ್ನೆಯ ಅಭ್ಯಾಸ ಹುರಿಗೆ ಒಗ್ಗಿತೆಂದು ಅರ್ಥ. ಹೆಚ್ಚಾಗಿದ್ದರೆ ನಿನ್ನೆ ಮಿತಿ ಮೀರಿತೆಂದು ಅರ್ಥ. ಆಟದ ಬಿಸಿಯಲ್ಲಿ ನೋವು ಮರೆಯಾಗುವುದರಿಂದ ಸಂಜೆಯ ಮಾತನ್ನು ನಂಬಲಾಗದು. ಮುಂಜಾನೆಯ ಮೊಣಕಾಲು ಸುಳ್ಳು ಹೇಳುವುದಿಲ್ಲ.

ಇನ್ನು ಹುರಿಯನ್ನು ಬಲಪಡಿಸುವ ಬಗೆ. ಡೆನ್ಮಾರ್ಕಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಭಾರವನ್ನು ಹೊತ್ತು ನಿಧಾನವಾಗಿ, ಮೂರು ಸೆಕೆಂಡು ಇಳಿದು ಮೂರು ಸೆಕೆಂಡು ಏಳುವ ವ್ಯಾಯಾಮವನ್ನು ವಾರಕ್ಕೆ ಮೂರು ಬಾರಿಯಂತೆ 12 ವಾರ ಮಾಡಿಸಲಾಯಿತು. ವಾರಗಳು ಕಳೆದಂತೆ ಭಾರವನ್ನು ಏರಿಸುತ್ತ, ಎಣಿಕೆಯನ್ನು 15ರಿಂದ 6ಕ್ಕೆ ಇಳಿಸುತ್ತ ಹೋದರು. ಅದೇ ಪ್ರಯೋಗದಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಪಡೆದವರೂ ಇದ್ದರು. 12 ವಾರಗಳ ಹೊತ್ತಿಗೆ ಅವರೂ ಸುಧಾರಿಸಿದ್ದರು. ಆದರೆ ಅರ್ಧ ವರ್ಷದ ಹೊತ್ತಿಗೆ ಅವರ ಗೆಲುವು ಕರಗಿತ್ತು, ವ್ಯಾಯಾಮ ಮಾಡಿದವರ ಗೆಲುವು ಉಳಿದಿತ್ತು. ಪಂದ್ಯದ ಮುನ್ನಾದಿನ ಸೂಜಿ ಹಾಕಿಸಿಕೊಂಡು ಬರುವವರು ಈ ಫಲಿತಾಂಶವನ್ನು ನೆನೆಯುವುದು ಒಳಿತು.

ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ 76 ಕ್ರೀಡಾಪಟುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಈ ಕ್ರಮವನ್ನು ನಾಲ್ಕು ಮೆಟ್ಟಿಲುಗಳಾಗಿ ಜೋಡಿಸಿತು. ಮೊದಲ ಮೆಟ್ಟಿಲಿನಲ್ಲಿ ಮೊಣಕಾಲನ್ನು ಅಲುಗಿಸದೆ ಒಂದೇ ಭಂಗಿಯಲ್ಲಿ ಭಾರ ಹಿಡಿಯುವುದು. ಎರಡನೆಯದರಲ್ಲಿ ನಿಧಾನಗತಿಯ ಭಾರದ ವ್ಯಾಯಾಮ. ಮೂರನೆಯದರಲ್ಲಿ ಜಿಗಿತ ಮತ್ತು ಓಟ. ಕೊನೆಯದರಲ್ಲಿ ಅವರವರ ಆಟದ ಅಭ್ಯಾಸ. ನೋವು ಅನುಮತಿಸಿದಾಗ ಮಾತ್ರ ಮುಂದಿನ ಮೆಟ್ಟಿಲು. 24 ವಾರಗಳ ಕೊನೆಗೆ ಈ ಕ್ರಮದವರು, ಆರಂಭದಿಂದಲೇ ನೋವನ್ನು ಸಹಿಸಿ ಕಠಿಣ ವ್ಯಾಯಾಮ ಮಾಡಿದವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದರು. ಆದರೂ ಆ ಹೊತ್ತಿಗೆ ಹಿಂದಿನ ಮಟ್ಟದ ಆಟಕ್ಕೆ ಮರಳಿದವರು ಶೇಕಡಾ 43 ಮಾತ್ರ. ಎಂದರೆ ಇದು ವಾರದಲ್ಲಿ ಗುಣವಾಗುವ ಬೇನೆಯಲ್ಲ. ಟೆನ್ನಿಸ್ ಆಟಗಾರ ರಫಾಯೆಲ್ ನಡಾಲ್ ಮೊಣಕಾಲಿನ ಸ್ನಾಯುರಜ್ಜಿನ ಬೇನೆಯಿಂದ 2012ರ ವಿಂಬಲ್ಡನ್ ನಂತರ ಸುಮಾರು ಏಳು ತಿಂಗಳು ಅಂಗಳದಿಂದ ಹೊರಗುಳಿದು, 2013ರಲ್ಲಿ ಮರಳಿ ಬಂದು ಫ್ರೆಂಚ್ ಮತ್ತು ಅಮೆರಿಕದ ಓಪನ್ ಪ್ರಶಸ್ತಿಗಳನ್ನು ಗೆದ್ದರು. ಜಗತ್ತಿನ ಉತ್ತಮ ವೈದ್ಯರು ಕೈಗೆಟುಕುವ ಆಟಗಾರನಿಗೆ ಏಳು ತಿಂಗಳು ಬೇಕಾದಲ್ಲಿ, ಹಾಸ್ಟೆಲಿನ ಹುಡುಗನಿಗೆ ಏಳು ದಿನಗಳಲ್ಲಿ ‘ಸರಿಹೋಗು’ ಎನ್ನುವುದು ನ್ಯಾಯವಲ್ಲ.

ಇದಕ್ಕೆಲ್ಲ ದುಬಾರಿ ಯಂತ್ರಗಳು ಬೇಕೆಂದು ಶಾಲೆಗಳು ಹಿಂಜರಿಯಬೇಕಾಗಿಲ್ಲ. ಗೋಡೆಗೆ ಬೆನ್ನೊರಗಿಸಿ, ಇಲ್ಲದ ಕುರ್ಚಿಯ ಮೇಲೆ ಕುಳಿತಂತೆ 45 ಸೆಕೆಂಡು ನಿಂತು, ಎರಡು ನಿಮಿಷ ಬಿಡುವು ಕೊಟ್ಟು, ಐದು ಬಾರಿ ಮಾಡಿದರೆ ಮೊದಲ ಮೆಟ್ಟಿಲಿಗೆ ಸಮೀಪದ ಅಭ್ಯಾಸವಾಗುತ್ತದೆ. ಎರಡನೆಯ ಮೆಟ್ಟಿಲಿಗೆ ಕನ್ನಡ ನಾಡಿನ ಗರಡಿಮನೆಗಳು ತಲೆಮಾರುಗಳಿಂದ ಬಲ್ಲ ಬಸ್ಕಿಯೇ ಸಾಕು. ಆದರೆ ನೂರಾರು ಸಂಖ್ಯೆಯಲ್ಲಿ ರಭಸದಿಂದ ಹೊಡೆಯುವ ಬಸ್ಕಿಯಲ್ಲ. ಹೆಗಲ ಮೇಲೆ ಮರಳಿನ ಚೀಲವಿಟ್ಟುಕೊಂಡು, ಕೆಲವೇ ಎಣಿಕೆಗಳಲ್ಲಿ, ನೋವು ತಡೆಯುವಷ್ಟು ಆಳಕ್ಕೆ ಮಾತ್ರ, ಉಸಿರಿನ ಲಯದಲ್ಲಿ ನಿಧಾನವಾಗಿ ಇಳಿದೇಳುವ ಬಸ್ಕಿ. ವಿಷಾದದ ಸಂಗತಿಯೆಂದರೆ, ಎಷ್ಟೋ ಶಾಲೆಗಳಲ್ಲಿ ಬಸ್ಕಿ ಎಂಬ ಶಬ್ದ ಶಿಕ್ಷೆಗೆ ಪರ್ಯಾಯವಾಗಿ ಉಳಿದುಬಂದಿತು. ಮನೆಗೆಲಸ ಮಾಡದವನಿಗೂ ತಡವಾಗಿ ಬಂದವನಿಗೂ ಬಸ್ಕಿ ಹೊಡೆಸಿ, ದೇಹವನ್ನು ಕಟ್ಟುವ ಸಾಧನವನ್ನು ಅವಮಾನದ ಸಾಧನವನ್ನಾಗಿ ಮಾಡಲಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಬಸ್ಕಿಯನ್ನು ಶಿಕ್ಷೆಯಿಂದ ಬಿಡಿಸಿ ವ್ಯಾಯಾಮಕ್ಕೆ ಮರಳಿಸುವುದು ಕಾನೂನಿಗೂ ಮೊಣಕಾಲಿಗೂ ಒಂದೇ ಹೊತ್ತಿನಲ್ಲಿ ಸಲ್ಲಿಸುವ ಗೌರವ.

ಇಲ್ಲಿ ಉತ್ಸಾಹಿಗಳು ಸಾಮಾನ್ಯವಾಗಿ ಎಡವುವ ಒಂದು ಸ್ಥಳವಿದೆ. ವ್ಯಾಯಾಮ ಒಳ್ಳೆಯದೆಂದು ಕೇಳಿದೊಡನೆ, ಇರುವ ಅಭ್ಯಾಸದ ಮೇಲೆ ಅದನ್ನೂ ಹೇರುವುದು ಆ ತಪ್ಪು. ನಾರ್ವೆಯಲ್ಲಿ ಪಂದ್ಯಗಳ ಋತುವಿನ ನಡುವೆ, ಎಂದಿನ ಅಭ್ಯಾಸವನ್ನು ಕುಗ್ಗಿಸದೆ, ವಾಲಿಬಾಲ್ ಆಟಗಾರರಿಗೆ 12 ವಾರ ವಿಶೇಷ ವ್ಯಾಯಾಮ ಮಾಡಿಸಿದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಪಾಠ ಸ್ಪಷ್ಟವಾಗಿದೆ: ಮೊದಲು ಕಳೆಯಬೇಕು, ಆಮೇಲೆ ಕೂಡಬೇಕು. ಸಂಜೆಗೆ ನೂರು ಬಾರಿ ಜಿಗಿಯುತ್ತಿದ್ದವನು ಐವತ್ತಕ್ಕೆ ಇಳಿಯಲಿ. ದಿನವೂ ಜಿಗಿಯುತ್ತಿದ್ದವನು ಸೋಮವಾರ ಜಿಗಿದರೆ ಮತ್ತೆ ಗುರುವಾರ ಜಿಗಿಯಲಿ. ಕಠಿಣ ಸೆಳೆತದ ನಂತರ ಹುರಿ ಮರಳಿ ಕಟ್ಟಿಕೊಳ್ಳಲು ಎರಡು ಮೂರು ದಿನಗಳು ಬೇಕು. ನಡುವಣ ದಿನಗಳಲ್ಲಿ ನಿಂತಲ್ಲಿಂದಲೇ ಸರ್ವ್, ಪಾಸ್, ಚೆಂಡೆತ್ತುವ ಅಭ್ಯಾಸ, ಆಟದ ತಂತ್ರಗಳ ಚರ್ಚೆ ನಡೆಯಲಿ. ಹುಡುಗ ಅಂಗಳದಲ್ಲಿಯೇ ಇರುತ್ತಾನೆ, ತಂಡದವನಾಗಿಯೇ ಇರುತ್ತಾನೆ. ‘ಅಭ್ಯಾಸವನ್ನು ಮುಂದುವರಿಸುವುದು’ ಎಂದರೆ ಇದೇ ಹೊರತು ನೋವನ್ನು ನುಂಗಿ ಎಲ್ಲವನ್ನೂ ಎಂದಿನಂತೆ ನಡೆಸುವುದಲ್ಲ. ಮುಲಾಮು, ಮಂಜುಗಡ್ಡೆ, ಮೊಣಕಾಲ ಪಟ್ಟಿಗಳು ತಾತ್ಕಾಲಿಕವಾಗಿ ಹಿತವೆನಿಸಬಹುದು; ಅವು ಹುರಿಯನ್ನು ಬಲಪಡಿಸಲಾರವು. ವೈದ್ಯರನ್ನು ಕೇಳದೆ ನೋವಿನ ಗುಳಿಗೆ ನುಂಗಿ ಪಂದ್ಯಕ್ಕಿಳಿಯುವುದಂತೂ ಎಚ್ಚರಿಕೆಯ ಗಂಟೆಯ ನಾಲಿಗೆಯನ್ನು ಕಟ್ಟಿಹಾಕಿದಂತೆ.

ಶಾಲಾ ವಯಸ್ಸಿನ ಎಲ್ಲ ಮೊಣಕಾಲು ನೋವೂ ಹುರಿಯ ನೋವಲ್ಲವೆಂಬ ಎಚ್ಚರವೂ ಅಗತ್ಯ. ಸುಮಾರು 10ರಿಂದ 15 ವರ್ಷದ ಬೆಳೆಯುವ ಮಕ್ಕಳಲ್ಲಿ ಚಿಪ್ಪಿನ ಕೆಳಗಲ್ಲದೆ, ಇನ್ನೂ ಕೆಳಗಿನ ಮೂಳೆಯ ಉಬ್ಬಿನ ಮೇಲೆ ನೋವೂ ಊತವೂ ಕಾಣಿಸಿಕೊಳ್ಳುವುದುಂಟು. 1903ರಲ್ಲಿ ಅಮೆರಿಕದ ಆಸ್ಗುಡ್, ಸ್ವಿಟ್ಜರ್ಲೆಂಡಿನ ಶ್ಲಾಟರ್ ಎಂಬ ವೈದ್ಯರು ಬೇರೆ ಬೇರೆಯಾಗಿ ವಿವರಿಸಿದುದರಿಂದ ಅದು ಅವರಿಬ್ಬರ ಹೆಸರನ್ನೂ ಪಡೆದಿದೆ. ಬೆಳವಣಿಗೆ ಮುಗಿದಂತೆ ಅದು ಸಾಮಾನ್ಯವಾಗಿ ಶಮನವಾಗುವುದಾದರೂ ಅಲ್ಲಿಯೂ ಜಿಗಿತದ ಲೆಕ್ಕ ಬೇಕು. ಕೀಲು ಊದಿಕೊಂಡರೆ, ಮೊಣಕಾಲು ಸಿಕ್ಕಿಹಾಕಿಕೊಂಡರೆ, ನೋವು ನಿದ್ರೆಗೆಡಿಸಿದರೆ, ಜ್ವರ ಬಂದರೆ, ಮಗು ಕುಂಟತೊಡಗಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸೊಂಟದ ಕೀಲಿನ ದೋಷವೂ ಕೆಲವೊಮ್ಮೆ ಮೊಣಕಾಲಿನ ನೋವಾಗಿ ಕಾಣಿಸಿಕೊಂಡು ಮೋಸಮಾಡುತ್ತದೆ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಹಲವು ವಯಸ್ಕರ ಮೇಲೆ ನಡೆದವು. ಆದುದರಿಂದ ಮಕ್ಕಳ ವಿಷಯದಲ್ಲಿ ವೈದ್ಯರ ಅಥವಾ ಫಿಸಿಯೊಥೆರಪಿ ತಜ್ಞರ ಮಾತನ್ನು ಮೊದಲು ಕೇಳಿ ಮುಂದುವರಿಯುವುದು ಕ್ಷೇಮ.

ಇಷ್ಟಾದ ಮೇಲೆ ಶಾಲೆ ಮಾಡಬೇಕಾದುದೇನು? ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರು ನೂರಾರು ಮಕ್ಕಳ ಮೊಣಕಾಲುಗಳ ಲೆಕ್ಕವನ್ನು ಹೇಗೆ ಇಟ್ಟಾರು ಎಂಬ ಆಕ್ಷೇಪಣೆ ನಿರ್ಲಕ್ಷಿಸತಕ್ಕದ್ದಲ್ಲ. ಆದರೆ ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮಾತ್ರ. ತಂಡದ ನಾಯಕನೋ ನಾಯಕಿಯೋ ಪ್ರತಿದಿನ ಪ್ರತಿಯೊಬ್ಬರ ಮುಂಜಾನೆಯ ನೋವಿನ ಅಂಕಿಯನ್ನೂ ಸಂಜೆಯ ಜಿಗಿತದ ಅಂದಾಜನ್ನೂ ಅದರಲ್ಲಿ ಬರೆಯಬಹುದು. ವಾರಕ್ಕೊಮ್ಮೆ ಶಿಕ್ಷಕರು ಅದರ ಮೇಲೆ ಕಣ್ಣಾಡಿಸಬಹುದು. ರಜೆಯ ದಿನಗಳಿಗೆ ಮನೆಯಲ್ಲಿ ಮಾಡಬಹುದಾದ ನಿಧಾನದ ಬಸ್ಕಿಯನ್ನು ಕಲಿಸಿ ಕಳುಹಿಸಿದರೆ ಜೂನ್ ತಿಂಗಳ ಹುರಿ ಅಷ್ಟು ಸಡಿಲವಾಗಿರದು. ತಂಡದ ಆಯ್ಕೆಯನ್ನು ಕೆಲವು ವಾರ ಮುಂದೂಡಿ, ಅಭ್ಯಾಸವನ್ನು ಮೆಲ್ಲಗೆ ಏರಿಸಬಹುದು. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಕೆಲಸ ಇನ್ನೊಂದಿದೆ. ‘ನನಗೆ ನೋವಿದೆ’ ಎಂದು ಹೇಳಿದ ಮಾತ್ರಕ್ಕೆ ತಂಡದಿಂದ ಹೆಸರು ಹೋಗುವುದಿಲ್ಲವೆಂಬ ಭರವಸೆಯನ್ನು ಶಾಲೆ ಬಹಿರಂಗವಾಗಿ ಕೊಡಬೇಕು, ಕೊಟ್ಟ ಮಾತನ್ನು ನಡೆಸಬೇಕು. ಬಡ ಕುಟುಂಬದ ಮಗುವಿಗೆ ಕ್ರೀಡೆ ಕೇವಲ ಮನರಂಜನೆಯಲ್ಲ. ರೈಲ್ವೆ, ಪೊಲೀಸ್ ಮುಂತಾದ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ದೊರೆಯುವ ಉದ್ಯೋಗದ ಆಸೆ ಆ ಮೊಣಕಾಲಿನ ಮೇಲೆ ನಿಂತಿರುತ್ತದೆ. ಅಂತಹ ಮಗು ನೋವನ್ನು ಮುಚ್ಚಿಡುವುದು ಹಟದಿಂದಲ್ಲ, ಭಯದಿಂದ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಭಯ ಇಮ್ಮಡಿ. ನೋವೆಂದರೆ ಸಾಕು, ಆಟವನ್ನೇ ಬಿಡಿಸಲು ಮನೆಯವರು ಕಾದಿರುತ್ತಾರೆ. ಭಯ ಹೋದಲ್ಲಿ ಸತ್ಯ ಬರುತ್ತದೆ. ಸತ್ಯ ಬಂದಲ್ಲಿ ಲೆಕ್ಕ ಸಾಧ್ಯವಾಗುತ್ತದೆ. ಲೆಕ್ಕವಿದ್ದಲ್ಲಿ ಆಟ ಉಳಿಯುತ್ತದೆ.

ನೋವನ್ನು ಕಡೆಗಣಿಸುವುದು ವೀರತನವಲ್ಲ. ನೋವಿಗೆ ಹೆದರಿ ಅಂಗಳವನ್ನು ತೊರೆಯುವುದು ವಿವೇಕವೂ ಅಲ್ಲ. ದೇಹದ ಮಾತನ್ನು ಆಲಿಸುತ್ತ, ಕಳೆಯಬೇಕಾದುದನ್ನು ಕಳೆದು, ಕೂಡಬೇಕಾದುದನ್ನು ನಿಧಾನವಾಗಿ ಕೂಡುತ್ತ, ತಿಂಗಳುಗಟ್ಟಲೆ ತಾಳ್ಮೆಯಿಂದ ನಡೆಯುವ ಅಭ್ಯಾಸವೂ ಒಂದು ಕಾಯಕವೇ. ಶಾಲೆ ಗೆದ್ದ ಫಲಕಗಳು ಕಪಾಟಿನಲ್ಲಿ ಮಸುಕಾಗುವುದು ಸಹಜ. ನಲವತ್ತರ ವಯಸ್ಸಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಊರಿನ ಮಕ್ಕಳೊಡನೆ ನೋವಿಲ್ಲದ ಮೊಣಕಾಲಿನಿಂದ ಬಲೆಯ ಮುಂದೆ ಜಿಗಿಯಬಲ್ಲನಾದರೆ, ಅವನ ಶಾಲೆಗೆ ಅದಕ್ಕಿಂತ ದೊಡ್ಡ ಫಲಕ ಬೇಕಾಗಿಲ್ಲ.